ಸೀಗೆಪಾಳ್ಯದ ಚೊಚ್ಚಲ ಹೆರಿಗೆಗಳು

ಅದು ಶುರುವಾದದ್ದು ಹುರುಳಿ ಕೀಳುವ ಕಾಲದಲ್ಲಿ, ಬೆಳಗಿನ ಹೊತ್ತು. ಹೊಲದ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ಡೈರಿಗೆ ಹಾಲು ಹಾಕಿ ಬಂದ ಹೆಂಗಸರು ಖಾಲಿ ಕ್ಯಾನನ್ನು ಕೈಯಲ್ಲೇ ಹಿಡಿದುಕೊಂಡು ಸೀಗೆಪಾಳ್ಯದ ಸಮುದಾಯ ಭವನದೊಳಕ್ಕೆ ಬಂದು ಗೋಡೆಗೆ ಒರಗಿ ಕೂತರು. ನಡುವೆ ಯಶೋದ ಸಿಸ್ಟರು ಮಂಡಿಯೂರಿಕೊಂಡು ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರುಗಳನ್ನು ಬರೆಯುತ್ತಿದ್ದರು. ಊರಿಗೊಂದು ಗುಂಡು, ಊರಿಂದ ಊರಿಗೆ ಗೆರೆ, ಆನೆ ದಾಟುವ ಕಡೆ ಗೆರೆಯ ಮೇಲೊಂದು ಅಡ್ಡಗೀಟು.

ಯಶೋದ ಸಿಸ್ಟರು ಹೆರಿಗೆ ಮಾಡಿಸುವುದನ್ನೇ ಓದಿ ಬಂದವರು. ಕೊಳ್ಳೇಗಾಲದ ಒಂದು ಟ್ರಸ್ಟಿನವರು ಅವರಿಗೆ ಹನೂರಿನಲ್ಲಿ ಮನೆ ಮಾಡಿಕೊಟ್ಟು, ಓಡಾಡುವುದಕ್ಕೆ ಒಂದು ಜೀಪು ಕೊಟ್ಟಿದ್ದರು. ಬಂಡಳ್ಳಿಯಿಂದಾಚೆಯ ಕಾಡಂಚಿನ ಊರುಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸು ಬರುವುದು ಕಷ್ಟ. ಆನೆ ಅಡ್ಡ ನಿಂತರೆ ಬೇಸಿಗೆಯಲ್ಲೂ ಬರುವುದಿಲ್ಲ. ಹಿಂದಿನ ವರ್ಷ ಇಬ್ಬರಿಗೆ ಆಟೊದಲ್ಲೇ ಹೆರಿಗೆಯಾಗಿತ್ತು. ರಸ್ತೆಯಲ್ಲಿ ಹೆರುವ ಬದಲು ಮನೆಯಲ್ಲೇ, ಬಲ್ಲವರ ಮುಂದೆ, ಸರಿಯಾಗಿ ಹೆರಲಿ ಅನ್ನುವುದು ಸಿಸ್ಟರ ಆಲೋಚನೆ. ಬಸುರಿಯರನ್ನು ಅವರು ತಿಂಗಳು ತಿಂಗಳೂ ನೋಡುತ್ತಾರೆ. ತೊಂದರೆ ಕಂಡವರನ್ನು ಮೊದಲೇ ಕಾಮಗೆರೆಗೋ ಕೊಳ್ಳೇಗಾಲಕ್ಕೋ ಆಸ್ಪತ್ರೆಗೆ ಕಳಿಸುತ್ತಾರೆ. ಉಳಿದವರಿಗೆ ಮನೆಯಲ್ಲಿ ಹೆರಿಗೆ. ಅದಕ್ಕೆ ಪ್ರತಿ ಕಡೆಗೂ ಊರಿನವಳೇ ಒಬ್ಬ ಜೊತೆಗಾತಿ ಬೇಕು. ನೋವು ಬಂದ ಕೂಡಲೇ ಮನೆಯವರು ಜೊತೆಗಾತಿಯನ್ನು ಕರೆಯಬೇಕು, ಅವಳು ಸಿಸ್ಟರಿಗೆ ಫೋನು ಮಾಡಿ ಅವರು ಬರುವ ತನಕ ಪಕ್ಕದಲ್ಲಿರಬೇಕು, ಬಂದ ಮೇಲೆ ಇಬ್ಬರೂ ಸೇರಿ ಮಗುವನ್ನು ಹಿಡಿಯಬೇಕು.

ಜೊತೆಗಾತಿಯರಾಗುವುದಕ್ಕೆ ಅಲ್ಲಿ ಇಬ್ಬರಿದ್ದರು, ರಂಗಮ್ಮ ಮತ್ತು ಚನ್ನಾಜಮ್ಮ. ನೆಲದ ಮೇಲೆ ಎರಡು ದೊಡ್ಡ ಗುಂಡುಗಳೂ ಇದ್ದವು. ಒಂದು ಸೀಗೆಪಾಳ್ಯ. ಇನ್ನೊಂದು ಮೇಲೆ ಕಾಡಿನ ಬಾಯಲ್ಲಿರುವ ದೊಡ್ಡಿಗಳು. ಹಿಂದೆ ದನ ಕೂಡುತ್ತಿದ್ದ ಜಾಗಗಳು, ಈಗ ಅಲ್ಲಲ್ಲಿ ಗುಂಪು ಗುಂಪಾಗಿ ಮನೆಗಳಾಗಿವೆ. ಯಾರು ಯಾವ ಕಡೆ ಎಂದು ನೀವೇ ಮಾತಾಡಿಕೊಂಡು ನಿಂತುಕೊಳ್ಳಿ ಎಂದು ಸಿಸ್ಟರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ರಂಗಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಹೋಗಿ ಸೀಗೆಪಾಳ್ಯದ ಗುಂಡಿನೊಳಗೆ ನಿಂತುಬಿಟ್ಟಳು.

ಚನ್ನಾಜಮ್ಮ ರಂಗಮ್ಮನ ಮುಖ ನೋಡಿದಳು. ಕೂತಿದ್ದ ಹೆಂಗಸರೂ ನೋಡಿದರು. ಎಲ್ಲರೂ ರಂಗಮ್ಮನ ಬಾಯಿಂದ ಒಂದು ಮಾತು ಬರಲಿ ಎಂದು ಕಾದ ಹಾಗಿತ್ತು. ರಂಗಮ್ಮ ಕಾಲಡಿಯ ಬಿಳಿ ಗೆರೆಯನ್ನು ನೋಡಿಕೊಂಡು ನಿಂತಿದ್ದಳು. ಸಿಸ್ಟರು, ರಂಗಮ್ಮ ವಯಸ್ಸಾದವರು, ಮಂಡಿ ನೋವು ಬೇರೆ, ಊರಲ್ಲೇ ಇರಲಿ, ಚನ್ನಾಜಮ್ಮ ಗಟ್ಟಿಯಾಗಿದ್ದಾರೆ, ಮೇಲಕ್ಕೆ ಹೋಗಲಿ, ಸರಿಯಾಯಿತಲ್ಲ ಎಂದರು. ಚನ್ನಾಜಮ್ಮ ಸದ್ದಿಲ್ಲದೆ ಹೋಗಿ ದೊಡ್ಡಿಗಳ ಗುಂಡಿನಲ್ಲಿ ನಿಂತಳು.

ಆಗ ಬಾಯಿಗೆ ಬಾರದೆ ಉಳಿದ ಮಾತು ಏನು ಅನ್ನುವುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು.

ರಂಗಮ್ಮ ಸೀಗೆಪಾಳ್ಯಕ್ಕೆ ಸೊಸೆಯಾಗಿ ಬಂದಾಗ ಅವಳ ಅತ್ತೆ ಗುರುಬಸಮ್ಮ ಊರಿನ ಸೂಲಗಿತ್ತಿ. ಮೊದಮೊದಲು ಅತ್ತೆಯ ಜೊತೆ ಹಂಡೆಗೆ ಉರಿ ಹಾಕುವುದಕ್ಕೆ ಹೋಗುತ್ತಿದ್ದಳು, ಆಮೇಲೆ ಬಟ್ಟೆ ಒಗೆಯುವುದಕ್ಕೆ, ಕಡೆಗೆ ಅತ್ತೆಯ ಕಣ್ಣು ಮಂಜಾದಾಗ ಮಗು ಹಿಡಿಯುವುದಕ್ಕೇ ನಿಂತಳು. ಈಗ ಊರಿನಲ್ಲಿ ಮದುವೆಯ ವಯಸ್ಸಿಗೆ ಬಂದಿರುವ ಹೆಣ್ಣುಮಕ್ಕಳೆಲ್ಲ ಅವಳ ಕೈಯಲ್ಲಿ ಹುಟ್ಟಿದವರೇ. ಅವರು ಅವಳನ್ನು ರಂಗವ್ವ ಅನ್ನುತ್ತಾರೆ. ಮಿಕ್ಕವರಿಗೆ ಅವಳು ರಂಗಕ್ಕ.

ಆ ಅವ್ವ ಅನ್ನುವುದೇ ಅವಳಿಗೆ ಅಡ್ಡ ಬಂದಿತ್ತು. ಸೀಗೆಪಾಳ್ಯದಲ್ಲಿ ಒಂದು ಕಟ್ಟಳೆ ಉಂಟು. ಸುತ್ತಿನ ಊರುಗಳಲ್ಲಿ ಇದೆಯೋ ಇಲ್ಲವೋ, ಇಲ್ಲಂತೂ ಉಂಟು. ಹೆಣ್ಣುಮಗುವನ್ನು ಯಾರು ಹಿಡಿದರೋ ಅವರು ಅವಳಿಗೆ ತಾಯಿಯ ಲೆಕ್ಕ. ಅವಳು ಹೆರುವಾಗ ತಾಯಿಯಾದವಳು ತಲೆಯ ಕಡೆ ಕೂರಬಹುದು, ಕಾಲ ಕಡೆ ಕೂರುವ ಹಾಗಿಲ್ಲ, ಮಗುವನ್ನು ಹಿಡಿಯುವ ಹಾಗಿಲ್ಲ. ಚೊಚ್ಚಲ ಹೆರಿಗೆ ಆಗುವುದು ತವರಲ್ಲಿ. ತವರಿಗೆ ಬರುವವರು ಊರಲ್ಲೇ ಹುಟ್ಟಿದ ಹೆಣ್ಣುಮಕ್ಕಳು. ಗುರುಬಸಮ್ಮ ಇರುವ ತನಕ ಇದು ಯಾರಿಗೂ ಕಷ್ಟವಾಗಲಿಲ್ಲ. ಸೊಸೆ ಹಿಡಿದ ಹುಡುಗಿಯರು ಆಗಿನ್ನೂ ಲಂಗ ಹಾಕಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದರು. ಅತ್ತೆ ತೀರಿಕೊಂಡಳು, ಹುಡುಗಿಯರು ದೊಡ್ಡವರಾದರು. ಅದೇ ಹೊತ್ತಿಗೆ ಸರಿಯಾಗಿ, ಗಂಡ ಸತ್ತ ಚನ್ನಾಜಮ್ಮ ಯಳಂದೂರಿನ ಕಡೆಯಿಂದ ತನ್ನ ಮಗಳ ಮನೆಗೆಂದು ಈ ಊರಿಗೆ ಬಂದು ನೆಲೆಯಾದಳು. ಅವಳೂ ಸೂಲಗಿತ್ತಿಯೇ.

ಅಲ್ಲಿಂದ ಊರಿನ ಚೊಚ್ಚಲ ಹೆರಿಗೆಯೆಲ್ಲ ಚನ್ನಾಜಮ್ಮನ ಪಾಲಾಯಿತು. ಹೊರಗಿಂದ ಬಂದ ಸೊಸೆಯರು ಎರಡನೆಯದನ್ನೋ ಮೂರನೆಯದನ್ನೋ ಹೆರುವಾಗ ರಂಗಮ್ಮನನ್ನು ಕರೆಯುತ್ತಿದ್ದರು, ಇಲ್ಲವೆಂದಲ್ಲ. ಆದರೆ ಎರಡನೆಯ ಹೆರಿಗೆಗೆ ಎಷ್ಟು ಜನ ನಿಂತು ನೋಡುತ್ತಾರೆ? ಚೊಚ್ಚಲ ಮಗುವಿಗಾದರೆ ಊರೇ ಸೇರುತ್ತದೆ. ಹನ್ನೊಂದನೆಯ ದಿನ ಸೂಲಗಿತ್ತಿಯನ್ನು ಮಣೆಯ ಮೇಲೆ ಕೂರಿಸಿ, ಮಡಿಲಿಗೆ ಅಕ್ಕಿ ಬೆಲ್ಲ ಹುಯ್ದು, ಮಗುವನ್ನು ಅವಳ ಮಡಿಲಿಗೆ ಹಾಕಿದ ಮೇಲೇ ಅಜ್ಜಿಯಂದಿರ ಕೈಗೆ ಕೊಡುವುದು. ತಾನು ಬಿತ್ತಿ ಬೆಳೆದ ಪೈರು ಇನ್ನೊಬ್ಬರ ಕಣದಲ್ಲಿ ರಾಶಿಯಾಗುವುದನ್ನು ಬದುವಿನ ಮೇಲೆ ನಿಂತು ನೋಡಿದ ಹಾಗೆ ರಂಗಮ್ಮ ಅದನ್ನೆಲ್ಲ ನೋಡುತ್ತಿದ್ದಳು.

ನೋಡಿ ಸುಮ್ಮನಿರುವ ಹೆಂಗಸೂ ಅಲ್ಲ ಅವಳು. ಚನ್ನಾಜಮ್ಮ ಹಿಡಿದ ಮಕ್ಕಳ ಮನೆಗೆ ಏನಾದರೊಂದು ನೆವ ಮಾಡಿಕೊಂಡು ಹೋಗುತ್ತಿದ್ದಳು. ಮಗುವನ್ನು ಎತ್ತಿಕೊಂಡು ಆಡಿಸುವವಳ ಹಾಗೆ ಅಂಗಿ ಮೇಲಕ್ಕೆತ್ತಿ ಹೊಕ್ಕುಳು ಉಬ್ಬಿದೆಯೇ ಎಂದು ನೋಡುತ್ತಿದ್ದಳು. ಉಬ್ಬಿರುತ್ತಿರಲಿಲ್ಲ. ತಲೆ ಸವರಿ ಸೊಟ್ಟಗಿದೆಯೇ ಎಂದು ನೋಡುತ್ತಿದ್ದಳು. ದುಂಡಗೇ ಇರುತ್ತಿತ್ತು. ಮನೆಗೆ ಬಂದು ಸೊಸೆ ಕವಿತಳ ಹತ್ತಿರ, ಆ ಮಗು ಯಾಕೋ ಸಪ್ಪಗದೆ ಎಂದು ಹೇಳುತ್ತಿದ್ದಳು. ಕವಿತ ಕಾಮಗೆರೆಯವಳು, ಬಾಯಿ ಚುರುಕು. ಒಂದು ಸಲ ರೊಟ್ಟಿ ತಟ್ಟುತ್ತಾ ತಲೆಯೆತ್ತದೆ ಹೇಳಿದಳು: "ಅತ್ತೇ, ಮಗು ಸಪ್ಪಗಿಲ್ಲ. ನೋಡೋಕ್ ಓದೋರು ಸಪ್ಪಗಾಗಿ ಬತ್ತಾವ್ರೆ."

ಹೀಗಿರುವಾಗ ಬಂತು ಆ ಬಿಳಿ ಗುಂಡು. ಈಗ ಊರು ನನ್ನದು ಎಂದು ಬರೆದಾಗಿದೆ, ಚನ್ನಾಜಮ್ಮ ಮೇಲಿದ್ದಾಳೆ, ನಾಳೆ ಚೊಚ್ಚಲ ಬಸುರಿಗೆ ನೋವು ಬಂದರೆ ನನ್ನನ್ನು ಬಿಟ್ಟು ಇನ್ನಾರನ್ನು ಕರೆಯುತ್ತಾರೆ, ಹಳೇ ಕಟ್ಟಳೆ ಒಂದು ಸಲ ಮುರಿದರೆ ಮುರಿದೇ ಹೋಯಿತು. ಇದು ರಂಗಮ್ಮನ ಲೆಕ್ಕ. ಉಳಿದ ಹೆಂಗಸರು ಸುಮ್ಮನಿದ್ದದ್ದು ಬೇರೆ ಕಾರಣಕ್ಕೆ. ತಮ್ಮನ್ನೋ ತಮ್ಮ ಮಕ್ಕಳನ್ನೋ ಮೊದಲು ಎತ್ತಿಕೊಂಡವಳ ಮುಂದೆ, ಓದಿದವರ ಎದುರಿಗೆ, ನೀನು ಬೇಡ ಎಂದು ಯಾವ ಬಾಯಲ್ಲಿ ಹೇಳುವುದು? ಸಿಸ್ಟರಿಗೆ ಕಟ್ಟಳೆಯೇ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಮರ್ಯಾದೆಗೆ ಸುಮ್ಮನಾಗಿ ಕ್ಯಾನು ಎತ್ತಿಕೊಂಡು ಮನೆಗೆ ಹೋದರು.

ಚನ್ನಾಜಮ್ಮ ಬಟ್ಟೆ ಗಂಟು ಕಟ್ಟಿಕೊಂಡು ದೊಡ್ಡಿಗೆ ಹೋದಳು. ಇಬ್ಬರಿಗೂ ಟ್ರಸ್ಟಿನವರು ಒಂದೊಂದು ಗುಂಡಿಯ ಫೋನು ಕೊಟ್ಟಿದ್ದರು. ರಂಗಮ್ಮ ಅದನ್ನು ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು.

ಅವರೆ ಸೊಗಡು ಇಳಿಯುವ ಹೊತ್ತಿಗೆ ಮಾದಸ್ವಾಮಿಯ ಮಗಳು ರತ್ನ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಾದಸ್ವಾಮಿಯ ಮನೆ ರಂಗಮ್ಮನ ಮನೆಯಿಂದ ಕೂಗಳತೆ. ಸಿಸ್ಟರು ಬಂದು ನೋಡಿ, ರಕ್ತ ಚೆನ್ನಾಗಿದೆ, ಮಗುವಿನ ತಲೆ ಕೆಳಗಿದೆ, ಮನೆಯಲ್ಲೇ ಆಗಬಹುದು ಎಂದರು. ರತ್ನ ಸೊಂಟಕ್ಕೆ ಕೈಕೊಟ್ಟು ಬೀದಿಯಲ್ಲಿ ನಡೆದು ಬರುವಾಗಲೆಲ್ಲ ರಂಗಮ್ಮನ ಜಗಲಿಯಲ್ಲಿ ಕೂತು ಹೋಗುತ್ತಿದ್ದಳು. ರಂಗವ್ವ, ಉಪ್ಪಿನಕಾಯಿ ಕೊಡು ಎನ್ನುತ್ತಿದ್ದಳು. ಕೊಟ್ಟದ್ದನ್ನು ತಿಂದು ಬೆರಳು ನೆಕ್ಕುತ್ತಿದ್ದಳು. ಹೆರಿಗೆಯ ಮಾತನ್ನು ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ರಂಗಮ್ಮ ಮಾತ್ರ ಹಳೇ ಹತ್ತಿಸೀರೆ ಎರಡನ್ನು ಕುದಿಸಿ ಒಣಗಿಸಿ ಮಡಿಸಿಟ್ಟಳು. ಮಣೆಯ ಮೇಲೆ ತಾನು ಕೂತ ಹಾಗೆ, ಮಡಿಲಿಗೆ ಅಕ್ಕಿ ಬಿದ್ದ ಹಾಗೆ ಅವಳಿಗೆ ಹಗಲುಹೊತ್ತಿನಲ್ಲೇ ಕಾಣುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟ ಮಾಡಿ ಜಗಲಿಗೆ ಬಂದವಳಿಗೆ ಮಾದಸ್ವಾಮಿಯ ಹಿತ್ತಲಲ್ಲಿ ಹೊಗೆ ಕಂಡಿತು. ಹಂಡೆಯ ಒಲೆಯ ಹೊಗೆ. ಆ ಹೊತ್ತಿನಲ್ಲಿ ಯಾರೂ ನೀರು ಕಾಯಿಸುವುದಿಲ್ಲ. ರಂಗಮ್ಮ ಎದ್ದು ಎಲೆಯಡಿಕೆ ಚೀಲ ತೆಗೆದುಕೊಂಡು, ಕುದಿಸಿಟ್ಟ ಬಟ್ಟೆ ಮಡಿಲಲ್ಲಿಟ್ಟುಕೊಂಡು, ಮತ್ತೆ ಕೂತಳು. ಕರೆಯಲಿ ಎಂದು ಕೂತಳು.

ಮಾದಸ್ವಾಮಿ ಮೊಪೆಡ್ಡು ತಳ್ಳಿಕೊಂಡು ಬೀದಿಗೆ ಬಂದ. ಈ ಕಡೆ ನೋಡದೆಯೇ, ಮಿಲ್ಲಿಗೆ ಓಯ್ತಾ ಇವ್ನಿ ಕಣಕ್ಕ ಎಂದು ಹೇಳಿ ಮೇಲಿನ ರಸ್ತೆ ಹಿಡಿದ. ಮಿಲ್ಲು ಇರುವುದು ಕೆಳಗಿನ ರಸ್ತೆಯಲ್ಲಿ. ಮೇಲಿನ ರಸ್ತೆ ಹೋಗುವುದು ದೊಡ್ಡಿಗೆ.

ರಂಗಮ್ಮನಿಗೆ ಎದೆಯಲ್ಲಿ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಅವಳನ್ನು ಕರೆತರುವುದಕ್ಕೆ ಹೋಗುತ್ತಿದ್ದಾನೆ. ನಾನು ಇಲ್ಲಿ ಕಣ್ಣೆದುರಿಗೆ ಕೂತಿದ್ದೇನೆ, ನನ್ನ ಜಗಲಿಯ ಮುಂದೆಯೇ ಹಾಯ್ದು ಅವಳನ್ನು ಕರೆಯುವುದಕ್ಕೆ ಹೋಗುತ್ತಿದ್ದಾನೆ. ಜೊತೆಗಾತಿ ಹೇಳದೆ ಸಿಸ್ಟರಿಗೂ ಸುದ್ದಿ ಹೋಗುವುದಿಲ್ಲ. ಸಿಸ್ಟರಿಗೆ ಹೇಳಿದರೆ ಅವರು ರಂಗಮ್ಮನನ್ನು ಕರೆಯಿರಿ ಅನ್ನುತ್ತಾರೆಂದು ಈ ಮನೆಯವರು ಫೋನೂ ಮಾಡಿಲ್ಲ. ಇದೆಲ್ಲ ಅವಳಿಗೆ ತಿಳಿಯಿತು. ಚೀಲದಲ್ಲಿ ಫೋನು ಇತ್ತು. ತಾನೇ ಸಿಸ್ಟರಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಕರೆಯದ ಮನೆಯ ಉಸಾಬರಿ ನನಗೇಕೆ ಎಂದು ಎಲೆಗೆ ಸುಣ್ಣ ಹಚ್ಚಿಕೊಂಡಳು.

ಕವಿತ ಒಳಗಿನಿಂದ ಬಂದು ಹೊಗೆ ನೋಡಿದಳು, ಅತ್ತೆಯ ಮಡಿಲಲ್ಲಿದ್ದ ಬಟ್ಟೆ ನೋಡಿದಳು, ಏನೂ ಹೇಳದೆ ಒಳಗೆ ಹೋದಳು. ಅವಳು ಏನಾದರೂ ಕುಟುಕಿದ್ದರೆ ಮೇಲಾಗಿತ್ತು ಎಂದು ರಂಗಮ್ಮನಿಗೆ ಅನ್ನಿಸಿತು.

ಬಿಸಿಲು ಜಗಲಿಯಿಂದ ಇಳಿದು ಬೀದಿಯ ನಡುವಿಗೆ ಹೋಗುವ ಹೊತ್ತಿಗೆ ಮೊಪೆಡ್ಡಿನ ಸದ್ದು ಬಂತು. ಹಿಂದೆ ಯಾರೂ ಕೂತಿರಲಿಲ್ಲ. ಮಾದಸ್ವಾಮಿ ತನ್ನ ಮನೆಗೆ ಹೋಗದೆ ರಂಗಮ್ಮನ ಜಗಲಿಯ ಮುಂದೆ ಗಾಡಿ ನಿಲ್ಲಿಸಿ, ಟವೆಲಿನಿಂದ ಮುಖ ಒರೆಸಿಕೊಂಡು, ಅಲ್ಲೇ ನಿಂತ.

"ಏನ್ಲಾ ಮಾದಸ್ವಾಮಿ, ಮಿಲ್ಲಿಗೆ ಓದೋನ್ದು ಚೀಲವೇ ಕಾಣ್ದಲ್ಲ" ಎಂದಳು ರಂಗಮ್ಮ.

"ಮಿಲ್ಲಿಗೆ ಓಗ್ಲಿಲ್ಲ ಕಣಕ್ಕ."

"ಗೊತ್ತು ಬುಡು. ಹಿಟ್ಟು ಬೀಸಾಕೆ ದೊಡ್ಡಿಗೆ ಓಗೋನ ನಾನೆಲ್ಲೂ ಕಂಡಿಲ್ಲ."

ಅವನು ತಲೆ ತಗ್ಗಿಸಿದ. ರತ್ನಳಿಗೆ ಬೆಳಗ್ಗೆಯೇ ನೋವು ಕಾಣಿಸಿಕೊಂಡಿತ್ತಂತೆ. ಈಗ ಜೋರಾಗಿದೆಯಂತೆ. ಚನ್ನಾಜಮ್ಮನ ಹತ್ತಿರ ಹೋಗಿ ಕೈ ಮುಗಿದನಂತೆ, ಅವಳು ಬರುವುದಿಲ್ಲ ಅಂದಳಂತೆ.

"ಯಾಕಂತೆ?"

"ಅದು ರಂಗಕ್ಕನ ಊರು, ಅವ್ಳು ಕರುದ್ರೆ ಬತ್ತೀನಿ, ಇಲ್ದೋದ್ರೆ ಆ ಊರ ಗೆರೆ ತುಳ್ಯಕಿಲ್ಲ ಅಂದ್ಳು. ಅವ್ಳು ಬಾಯ್ಬುಟ್ಟು ಕರೀಬೇಕು, ಬ್ಯಾರೆಯೋರ ಕೈಲಿ ಯೋಳ್ಕಳ್ಸುದ್ರೂ ಬರಾಕಿಲ್ಲ ಅಂದ್ಳು."

ನಿಜ ಹೇಳಬೇಕೆಂದರೆ ರಂಗಮ್ಮನಿಗೆ ಮೊದಲು ಆದದ್ದು ಸಂತೋಷ. ಬರಲಿಲ್ಲವಲ್ಲ. ಈಗ ಎಲ್ಲಿಗೆ ಹೋಗುತ್ತಾರೆ? ಮಾದಸ್ವಾಮಿ, ಸಿಸ್ಟರಿಗಾದರೂ ಫೋನು ಮಾಡಕ್ಕ ಎನ್ನುತ್ತಿದ್ದ. ಅವಳು ಬಟ್ಟೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಗಲೇ ಎದ್ದು ಅವನ ಮನೆಯ ಕಡೆ ನಡೆಯುತ್ತಿದ್ದಳು. ಮಂಡಿ ನೋವು ಆ ಹೊತ್ತಿನಲ್ಲಿ ಅವಳಿಗೆ ತಿಳಿಯಲಿಲ್ಲ.

ಹಿತ್ತಲ ಬಾಗಿಲಲ್ಲಿ ರತ್ನಳ ತಾಯಿ ಚಿಕ್ಕನಿಂಗಮ್ಮ ನಿಂತಿದ್ದಳು. ರಂಗಮ್ಮನನ್ನು ಕಂಡು ಅವಳ ಮುಖ ಅಳುವ ಹಾಗಾಯಿತು. ದಾರಿಗೆ ಅಡ್ಡವಾಗಿ ನಿಲ್ಲಲೂ ಇಲ್ಲ, ಪಕ್ಕಕ್ಕೆ ಸರಿಯಲೂ ಇಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, "ಬೈಯ್ಬ್ಯಾಡ ಕಣಕ್ಕ. ನಿನ್ ಕೈಯಾಗೇ ಉಟ್ದೋಳು. ನಾನೆಂಗ್ ಕರೀಲಿ?" ಎಂದಳು.

"ಬೈದಿಲ್ಲ ಕಣೆ. ಜರಗು."

ಒಳಗೆ ನಡುಮನೆಯಲ್ಲಿ ಚಾಪೆಯ ಮೇಲೆ ರತ್ನ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಕೂದಲೆಲ್ಲ ಒದ್ದೆ. ರಂಗಮ್ಮ ಬಂದು ಅವಳ ಕಾಲ ಕಡೆಗೆ ಬಟ್ಟೆ ಇಟ್ಟು ಕೂರುವುದಕ್ಕೆ ಬಗ್ಗಿದಳು. ರತ್ನ ಆ ನೋವಿನಲ್ಲೂ ಎರಡು ಮಂಡಿಯನ್ನೂ ಸೇರಿಸಿ ಸೀರೆಯನ್ನು ಪಾದದ ತನಕ ಎಳೆದುಕೊಂಡಳು. ಹಾಗೆ ಎಳೆದುಕೊಂಡದ್ದು ಕೋಪದಿಂದಲ್ಲ. ಹೆತ್ತವಳ ಮುಂದೆ ಯಾವ ಹೆಣ್ಣುಮಗಳಾದರೂ ಎಳೆದುಕೊಳ್ಳುವ ಹಾಗೆ.

"ಆಕಡೀಕ್ ಬ್ಯಾಡ ರಂಗವ್ವ. ಇಲ್ ಬಾ" ಎಂದು ತನ್ನ ತಲೆಯ ಹತ್ತಿರದ ನೆಲವನ್ನು ಕೈಯಿಂದ ತಟ್ಟಿದಳು.

ಬಗ್ಗಿದ್ದ ರಂಗಮ್ಮ ಅರ್ಧದಲ್ಲೇ ನಿಂತಳು. ಆ ಹುಡುಗಿ ಹುಟ್ಟಿದ್ದು ಇದೇ ಮನೆಯ ಇದೇ ಮೂಲೆಯಲ್ಲಿ, ರಾಗಿ ತೆನೆ ಒಡೆಯುವ ಕಾಲದಲ್ಲಿ, ಮೈಮೇಲೆಲ್ಲ ಬೆಣ್ಣೆ ಬಳಿದ ಹಾಗೆ ಇತ್ತು. ಅದನ್ನು ಎತ್ತಿದಾಗ ಮೊದಲು ಇವಳ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ರಂಗಮ್ಮನಿಗೆ ಅದು ನೆನಪಿತ್ತು. ಯಾರ ಹುಟ್ಟೂ ಅವಳಿಗೆ ಮರೆತಿರಲಿಲ್ಲ. ಈಗ ಬಲವಂತ ಮಾಡಿದರೆ ಇವಳು ಮಂಡಿ ಬಿಡುವುದಿಲ್ಲ. ಬಿಗಿದುಕೊಂಡು ಕೂತ ಬಸುರಿಗೆ ಹೆರಿಗೆ ಹೇಗೆ ನಿಂತುಹೋಗುತ್ತದೆ ಅನ್ನುವುದನ್ನು ಅವಳು ಕಂಡಿದ್ದಳು.

ಅವಳು ತಲೆಯ ಕಡೆಗೆ ಹೋಗಿ ಕೂತು, ರತ್ನಳ ಬೆನ್ನನ್ನು ಎದೆಗೆ ಒರಗಿಸಿಕೊಂಡು, ಚೀಲದಿಂದ ಫೋನು ತೆಗೆದು ಸಿಸ್ಟರಿಗೆ ಹಚ್ಚಿದಳು. ಸಿಸ್ಟರು ಹನೂರಿನಲ್ಲೇ ಇದ್ದರು. ಈಗಲೇ ಹೊರಟೆ, ನೀವು ಅಲ್ಲೇ ಇದ್ದೀರಲ್ಲ, ಭಯವಿಲ್ಲ, ನಾವಿಬ್ಬರೇ ಸಾಕು ಎಂದರು.

ರಂಗಮ್ಮನೂ ಸಾಕು ಅಂದಿದ್ದರೆ ಅಷ್ಟಕ್ಕೆ ಮುಗಿಯುತ್ತಿತ್ತು. ಸಿಸ್ಟರು ಬಂದು ರತ್ನಳಿಗೆ ಬುದ್ಧಿ ಹೇಳಿದರೆ ಅವಳು ಒಪ್ಪಿದರೂ ಒಪ್ಪುತ್ತಿದ್ದಳೋ ಏನೋ. ಫೋನಿನಲ್ಲಿ ಸಿಸ್ಟರು ಜೀಪಿನವನನ್ನು ಕೂಗುತ್ತಿದ್ದದ್ದು ಕೇಳುತ್ತಿತ್ತು. ರಂಗಮ್ಮನ ತೋಳಿನ ಮೇಲೆ ರತ್ನಳ ಉಗುರು ನೆಟ್ಟಿತ್ತು.

"ಸಾಕಾಗಕಿಲ್ಲ ಸಿಸ್ಟ್ರೇ" ಎಂದಳು. "ಇವ್ಳು ನನ್ ಕೈಯಾಗ್ ಉಟ್ದೋಳು. ನಾನು ಕಾಲ್ ಕಡೆ ಕೂರಂಗಿಲ್ಲ. ನಿಮ್ಮುನ್ನ ಇಳ್ಸಿ ಜೀಪು ದೊಡ್ಡಿಗೆ ಓಗ್ಲಿ, ಚನ್ನಾಜಿ ಬರ್ಲಿ."

ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಎಂದು ಸಿಸ್ಟರು ಕೇಳಿದರು. ರಂಗಮ್ಮ ಫೋನು ಇಟ್ಟು, ಚನ್ನಾಜಮ್ಮನಿಗೆ ಹಚ್ಚಿದಳು. ಬಹಳ ಹೊತ್ತು ಹೊಡೆದುಕೊಂಡಿತು.

"ಯಾರು?"

"ನಾನು ಕಣೆ."

"ಯೋಳಕ್ಕ."

"ರತ್ನಂಗೆ ನೋವು ಜೋರಾಗದೆ."

"ಗೊತ್ತು. ಅವ್ರಪ್ಪ ಬಂದಿದ್ನಲ್ಲ."

"ಸಿಸ್ಟರು ಒಂಟವ್ರೆ. ಜೀಪು ನಿನ್ತಾವ್ಕೆ ಬತ್ತದೆ."

"ನನ್ತಾವ್ಕೆ ಯಾಕೆ? ನೀನಿಲ್ವಾ ಅಲ್ಲಿ?"

ಚಿಕ್ಕನಿಂಗಮ್ಮ ಬಿಸಿನೀರಿನ ಚೆಂಬು ಹಿಡಿದುಕೊಂಡು ಬಾಗಿಲಲ್ಲಿ ನಿಂತು ರಂಗಮ್ಮನ ಬಾಯನ್ನೇ ನೋಡುತ್ತಿದ್ದಳು.

"ಯಾಕೆ ಅಂತ ನಿಂಗೊತ್ತಿಲ್ವಾ?"

"ನಂಗೊತ್ತು. ಊರ್ಗೆಲ್ಲ ಗೊತ್ತು. ಅವತ್ತು ಗುಂಡ್ನೊಳಕ್ ಓಗಿ ಮೆಟ್ಕಂಡ್ ನಿಂತ್ಕಂಡ್ಯಲ್ಲಕ್ಕ, ಅವಾಗ ಬಾಯಿಗೇನಾಗಿತ್ತು?"

"ಒಟ್ಟೆಕಿಚ್ಚಾಗಿತ್ತು" ಎಂದಳು ರಂಗಮ್ಮ. "ಈಗ್ಲೂ ಅದೆ. ಬಾ ನೀನು."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಚನ್ನಾಜಮ್ಮ, ಜೀಪು ಕಾಯುತ್ತಾ ಕೂರುವುದಿಲ್ಲ, ಇಳಿಜಾರಿನಲ್ಲಿ ನಡೆದುಕೊಂಡೇ ಬರುತ್ತಿರುತ್ತೇನೆ, ದಾರಿಯಲ್ಲಿ ಹತ್ತಿಸಿಕೊಳ್ಳಲಿ ಎಂದಳು.

ಸಿಸ್ಟರು ಬಂದಾಗ ಬಿಸಿಲು ಕೆಂಪಾಗಿತ್ತು. ಅವರು ರತ್ನಳನ್ನು ನೋಡಿ, ಮಗುವಿನ ಎದೆಬಡಿತ ಕೇಳಿ, ಎಲ್ಲ ಸರಿಯಾಗಿದೆ ಎಂದರು. ಆದರೂ ರತ್ನ ಬಿಗಿದುಕೊಂಡೇ ಇದ್ದಳು. ಚನ್ನಾಜಮ್ಮ ಒಳಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಸೀರೆಯ ಅಂಚಿಗೆಲ್ಲ ಉತ್ತರಾಣಿ ಮುಳ್ಳು, ಧೂಳು. ಕೈಕಾಲು ತೊಳೆದುಕೊಂಡು, ಹಂಡೆಯ ಪಕ್ಕದಲ್ಲಿ ಅಂಗೈ ಕಾಯಿಸಿಕೊಂಡು ಬಂದು ಕಾಲ ಕಡೆ ಕೂತಳು. ರಂಗಮ್ಮನ ಮುಖ ನೋಡಲಿಲ್ಲ. ರತ್ನಳ ಪಾದ ಹಿಡಿದು, "ಏನವ್ವಾ, ಇಷ್ಟ್ ದೂರ ನಡುಸ್ಬುಟ್ಯಲ್ಲ ನನ್ನ. ಈಗ್ಲಾದ್ರೂ ಬುಡು" ಎಂದಳು. ರತ್ನ ನಕ್ಕಳು. ನಗುತ್ತಲೇ ಮಂಡಿ ಸಡಿಲವಾಯಿತು.

ಅಂಗೈ ಕಾಯಿಸಿಕೊಂಡು ಮುಟ್ಟುವುದು ಗುರುಬಸಮ್ಮನ ಪದ್ಧತಿ. ರಂಗಮ್ಮ ಯಾವಾಗಲೋ ಅದನ್ನು ಬಿಟ್ಟಿದ್ದಳು. ತನ್ನ ಅತ್ತೆಯ ಕೈ ಈ ಯಳಂದೂರಿನವಳಿಗೆ ಹೇಗೆ ಬಂತು ಎಂದು ಅವಳಿಗೆ ಇನ್ನಷ್ಟು ಉರಿಯಿತು. ರತ್ನಳ ತಲೆ ತೊಡೆಯ ಮೇಲಿತ್ತು. ಒರೆಸುವುದು, ನೀರು ಕುಡಿಸುವುದು, ಹೆಗಲು ಹಿಡಿಯುವುದು ಎಲ್ಲ ಮಾಡುತ್ತಲೇ ಅವಳ ಕಣ್ಣು ಆ ಕೈಗಳ ಮೇಲೆಯೇ ಇತ್ತು. ಎಲ್ಲಾದರೂ ತಪ್ಪುತ್ತಾಳೇನೋ ಎಂದು ನೋಡಿದಳು. ತಪ್ಪದಿರಲಿ ಎಂದೂ ನೋಡಿದಳು. ಎರಡೂ ಒಟ್ಟಿಗೇ ಇದ್ದವು.

ಹೆಣ್ಣುಮಗು. ಸಿಸ್ಟರೂ ಚನ್ನಾಜಮ್ಮನೂ ಹಿಡಿದು ಬಟ್ಟೆಯಲ್ಲಿ ಒರೆಸಿ ರತ್ನಳ ಎದೆಯ ಮೇಲೆ ಮಲಗಿಸಿದರು. ತಲೆಯ ಕಡೆ ಕೂತವಳಿಗೆ ಮೊದಲು ಕಂಡದ್ದು ಅವರಿಬ್ಬರ ತೋಳುಗಳ ನಡುವೆ ಮಗುವಿನ ಅಂಗಾಲು ಮಾತ್ರ. ಕುದಿಸಿ ತಂದಿದ್ದ ಸೀರೆ ರಂಗಮ್ಮನದೇ. ಅದು ಯಾರಿಗೂ ನೆನಪಿರಲಿಲ್ಲ.

ಮರುವಾರ ಸಿಸ್ಟರು ಮತ್ತೆ ಭವನದಲ್ಲಿ ಎಲ್ಲರನ್ನೂ ಸೇರಿಸಿದರು. ಅವರಿಗೆ ಬೇಸರವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. ಒಬ್ಬ ಬಸುರಿ ಬೆಳಗಿನಿಂದ ನೋವು ತಿಂದರೂ ಯಾರೂ ನನಗೆ ತಿಳಿಸಲಿಲ್ಲ, ನಿಮ್ಮ ಪದ್ಧತಿ ನನಗೆ ತಪ್ಪೂ ಅಲ್ಲ ಸರಿಯೂ ಅಲ್ಲ, ಆದರೆ ಗೊತ್ತಿರಬೇಕಿತ್ತು, ಏನಾದರೂ ಆಗಿದ್ದರೆ ಎಂದರು. ಹೆಂಗಸರು ಕ್ಯಾನಿನ ಹಿಡಿ ತಿರುಗಿಸುತ್ತಾ ಕೂತರು. ಈ ಸಲ ಸಿಸ್ಟರು ಗುಂಡು ಬರೆಯುವ ಮೊದಲು ಕೇಳಿದರು, ಯಾರು ಯಾರನ್ನು ಹಿಡಿಯುವ ಹಾಗಿಲ್ಲ ಎಂದು. ಈ ಸಲ ಹೆಂಗಸರು ಹೇಳಿದರು. ಕೇಳಿದ ಮೇಲೆ ಸಿಸ್ಟರೇ ಒಂದು ದಾರಿ ಮಾಡಿದರು. ಇಬ್ಬರೂ ಊರಿನಲ್ಲೇ ಇರಲಿ. ಚೊಚ್ಚಲು ಚನ್ನಾಜಮ್ಮನಿಗೆ, ಹೊರಗಿಂದ ಬಂದ ಸೊಸೆಯರು ರಂಗಮ್ಮನಿಗೆ. ದೊಡ್ಡಿಗಳಿಗೆ ಬೇರೆ ಯಾರನ್ನಾದರೂ ಹುಡುಕೋಣ.

ನ್ಯಾಯವಾದ ಮಾತು. ಎಲ್ಲರೂ ತಲೆಯಾಡಿಸಿದರು. ರಂಗಮ್ಮ ಮಾತ್ರ, ಬೇಡ, ದೊಡ್ಡಿಗೆ ನಾನು ಹೋಗುತ್ತೇನೆ ಎಂದಳು. ಸಿಸ್ಟರು ಮಂಡಿಯ ಮಾತೆತ್ತಿದರು. ಅವಳು ಕೊಟ್ಟ ಕಾರಣ ಬೇರೆ. ದೊಡ್ಡಿಯ ಅರ್ಧ ಮನೆಗಳಲ್ಲಿ ತಮಿಳು ಆಡುತ್ತಾರೆ. ರಂಗಮ್ಮನ ತಾಯಿ ಗಡಿಯಾಚೆಯವಳು, ಅವಳಿಗೆ ಆ ಮಾತು ಬರುತ್ತದೆ. ಚನ್ನಾಜಮ್ಮ ಅಷ್ಟು ದಿನ ಅಲ್ಲಿದ್ದು ಕೈಸನ್ನೆಯಲ್ಲೇ ಕಾಲ ಹಾಕಿದ್ದಳು. ಅದೂ ಅಲ್ಲದೆ ದೊಡ್ಡಿಯಲ್ಲಿ ರಂಗಮ್ಮ ಹಿಡಿದ ಹುಡುಗಿ ಒಬ್ಬಳೂ ಇಲ್ಲ. ಚೊಚ್ಚಲಿಗೂ ಕಾಲ ಕಡೆ ಕೂರಬಹುದು. ಇದನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೂ ಅಲ್ಲಿದ್ದವರಿಗೆ ತಿಳಿಯಿತು.

ತಿಳಿಯದೆ ಉಳಿದದ್ದು ಇನ್ನೊಂದು. ಹಿಂದಿನ ದಿನ ಬೆಳಗ್ಗೆ ಅವಳು ಮಾದಸ್ವಾಮಿಯ ಹಿತ್ತಲಿಗೆ ಹೋಗಿದ್ದಳು. ಚನ್ನಾಜಮ್ಮ ಬಚ್ಚಲಲ್ಲಿ ಎರಡು ಕಾಲನ್ನೂ ನೀಡಿಕೊಂಡು ಕೂತು, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಎರೆಯುತ್ತಿದ್ದಳು. ಮಗು ಅಳುತ್ತಿರಲಿಲ್ಲ. ಹೊಕ್ಕುಳು ಚೆನ್ನಾಗಿ ಒಣಗುತ್ತಿತ್ತು. ತಲೆ ದುಂಡಗಾಗುತ್ತಿತ್ತು. ರಂಗಮ್ಮನನ್ನು ಕಂಡು ಚನ್ನಾಜಮ್ಮ ಜಾಗ ಬಿಡುವವಳ ಹಾಗೆ ಪಕ್ಕಕ್ಕೆ ಸರಿದು, "ನೋಡಕ್ಕ, ಈ ಊರಾಗೆ ಇಷ್ಟ್ ಮಕ್ಳ ಯಿಡ್ದಿವ್ನಿ, ಅವ್ರವ್ವಂದ್ರು ಒಬ್ಳೂ ನನ್ನ ಅವ್ವಾ ಅನ್ನಕಿಲ್ಲ. ಎಲ್ರೂ ನಿನ್ನೇ ಅಂತಾರೆ" ಎಂದಳು. ರಂಗಮ್ಮನಿಗೆ ಅದು ಸಮಾಧಾನಕ್ಕೆ ಹೇಳಿದ್ದೋ, ಅವಳ ಹೊಟ್ಟೆಯೊಳಗಿನದೋ ಗೊತ್ತಾಗಲಿಲ್ಲ. ಅವಳ ಕಣ್ಣು ಮಗುವಿನ ಮೇಲೇ ಇತ್ತು. ಇನ್ನು ದಿನಾ ಬೆಳಗ್ಗೆ ಈ ನೀರು ಎರೆಯುವ ಸದ್ದು ಕೂಗಳತೆಯಲ್ಲಿ ಕೇಳಿಕೊಂಡು ಜಗಲಿಯಲ್ಲಿ ಕೂರಬೇಕಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು.

ಮಡಿಲಿಗೆ ಹಾಕುವ ದಿನ ಶುಕ್ರವಾರ ಬಂದಿತ್ತು. ಅದನ್ನು ಮುಗಿಸಿಕೊಂಡು ಹೋಗು ಎಂದು ಚಿಕ್ಕನಿಂಗಮ್ಮ ಬಂದು ಕೇಳಿಕೊಂಡಳು. ರತ್ನ ಬಾಣಂತಿ, ಹೊರಗೆ ಬರುವ ಹಾಗಿಲ್ಲ. ರಂಗವ್ವನಿಗೆ ತಲೆಯ ಕಡೆ ಮಣೆ ಹಾಕಿಸುತ್ತೇನೆ, ಹೊಸ ಸೀರೆ ತರಿಸಿದ್ದೇನೆ ಎಂದು ತಾಯಿಯ ಕೈಲಿ ಹೇಳಿ ಕಳಿಸಿದ್ದಳು. ರಂಗಮ್ಮ ಸೀರೆಯ ಬಣ್ಣ ಯಾವುದು ಎಂದು ಕೇಳಿದಳು. ಹಸಿರು ಎಂದಳು ಚಿಕ್ಕನಿಂಗಮ್ಮ. ಚನ್ನಾಜಮ್ಮನಿಗೆ ಯಾವುದು ಎಂದು ಕೇಳಿದಳು. ಅವಳಿಗೂ ಹಸಿರೇ, ಒಂದೇ ಅಂಗಡಿಯದು ಎಂದಳು. ರಂಗಮ್ಮ ಆಯಿತು ಎಂದು ತಲೆಯಾಡಿಸಿ, ಮೇಲೆ ಒಬ್ಬಳಿಗೆ ದಿನ ತುಂಬಿದೆಯಂತೆ, ಇರುವುದಕ್ಕಾಗುವುದಿಲ್ಲ ಎಂದಳು.

ಕವಿತ ರೊಟ್ಟಿ, ಚಟ್ನಿಪುಡಿ, ಮಂಡಿಗೆ ಹಚ್ಚುವ ಎಣ್ಣೆ ಕಟ್ಟಿಕೊಟ್ಟಳು. ಅಲ್ಲಿಯ ಮಕ್ಕಳ ಹೊಕ್ಕುಳನ್ನಾದರೂ ಸಮಾಧಾನವಾಗಿ ನೋಡಿ ಅತ್ತೆ ಎಂದಳು. ರಂಗಮ್ಮನಿಗೆ ನಗು ಬಂತು, ತಡೆದುಕೊಂಡಳು.

ಶುಕ್ರವಾರಕ್ಕೆ ಇನ್ನೂ ಎರಡು ದಿನ ಇರುವಾಗ, ಹಾಲಿನ ಗಾಡಿ ಹೋದ ಮೇಲೆ, ಸಿಸ್ಟರ ಜೀಪಿನಲ್ಲಿ ಮುಂದೆ ಕೂತು ರಂಗಮ್ಮ ಸೀಗೆಪಾಳ್ಯ ಬಿಟ್ಟು ದೊಡ್ಡಿಗೆ ಹೋದಳು. ಅವತ್ತು ಬುಧವಾರ.